ಅಮ್ಮಮ್ಮನ ನೇರಳೆ ಕಲ್ಲು: ಒಂದು ಬಣ್ಣದ ಎರಡು ಸಾವಿರ ವರ್ಷದ ಲೆಕ್ಕ

1/8

ಮೊದಲು ಫೋಟೋ ಸರಿಯಾಗಿ ನೋಡಿ. ಝೂಮ್ ಮಾಡಿ.

ಬೆಳ್ಳಿ ಉಂಗುರ, ನಡುವೆ ಒಂದು ಕಲ್ಲು. ಕಲ್ಲಿನ ಒಂದು ಬದಿ ಹಣ್ಣಾದ ನೇರಳೆಯ ಬಣ್ಣ. ಇನ್ನೊಂದು ಬದಿ ಹೆಚ್ಚುಕಮ್ಮಿ ನೀರು. ಎರಡರ ಮಧ್ಯೆ ಯಾರೋ ಸ್ಕೇಲ್ ಇಟ್ಟು ಎಳೆದ ಹಾಗೆ ನೆಟ್ಟಗೆ ಒಂದು ಗೆರೆ.

ಇದು ನನ್ನ ಅಮ್ಮಮ್ಮನ ಉಂಗುರ. 1989ರಲ್ಲಿ ಕುಮಟಾದಲ್ಲಿ ತಗೊಂಡದ್ದು. ಆಗ ಮನೆಯಲ್ಲಿ ಒಂದರ ಮೇಲೊಂದು ಕಷ್ಟ. ಶನಿ ಕಾಟ, ನೀಲ ಹಾಕಿ ಅಂತ ಯಾರೋ ಜ್ಯೋತಿಷಿ ಹೇಳಿದ್ರಂತೆ. ನೀಲಕ್ಕೆ ದುಡ್ಡೆಲ್ಲಿ? ಅದರ ಬದಲಿಗೆ ನಡೆಯುತ್ತದೆ ಅಂತ ಅಂಗಡಿಯವರು ಈ ಕಟೇಲಾ ಕಲ್ಲು ಕೊಟ್ಟರು. ಅಮ್ಮಮ್ಮ ಭಟ್ಕಳ ಮಲ್ಲಿಗೆ ಕಟ್ಟಿ ಮಾರಿದ ದುಡ್ಡಿನಲ್ಲಿ ತನಗೆ ಅಂತ ತಗೊಂಡ ಮೊದಲ ವಸ್ತು ಅದು.

2024ರ ಜೂನಿನಲ್ಲಿ ನನ್ನ ಕಾಲೇಜು ಫೀಸಿಗೆ ಸ್ವಲ್ಪ ಕಮ್ಮಿ ಬಿತ್ತು. ನಾನು ಕೇಳಲೇ ಇಲ್ಲ, ಅಮ್ಮಮ್ಮನೇ ಉಂಗುರ ತೆಗೆದು ಕೈಗೆ ಕೊಟ್ಟಳು. ಇಬ್ಬರೂ ಒಂದು ಅಂಗಡಿಗೆ ಹೋದೆವು. ಕೌಂಟರಿನವರು ಒಂದು ನಿಮಿಷವೂ ನೋಡಲಿಲ್ಲ. "ಒರಿಜಿನಲ್ ಆದ್ರೆ ಬಣ್ಣ ಒಂದೇ ಥರ ಇರ್ತದೆ. ಇದು ಗಾಜು. ಬೆಳ್ಳಿ ತೂಕಕ್ಕೆ ಬೇಕಾದ್ರೆ ಕೊಡ್ತೇನೆ."

ಅಮ್ಮಮ್ಮ ಏನೂ ಮಾತಾಡಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಒಂದೇ ಮಾತು: "ಮೂವತ್ತೈದು ವರ್ಷ ಗಾಜು ಹಾಕ್ಕಂಡಿದ್ನಾ ನಾನು?"

ಫೀಸು ಮಾವ ಕಳಿಸಿದರು. ಉಂಗುರ ಮಾತ್ರ ಮತ್ತೆ ಬೆರಳಿಗೆ ಬರಲಿಲ್ಲ. ಬಿಸ್ಕೆಟ್ ಡಬ್ಬಿ ಸೇರಿತು.

ಈ ಸೀರೀಸು ಆ ಒಂದು ಮಾತಿಗೆ ಉತ್ತರ ಹುಡುಕಲಿಕ್ಕೆ ಶುರು ಮಾಡಿದ್ದು. ಒಳ್ಳೆ ಕಲ್ಲಿಗೆ ಒಂದೇ ಬಣ್ಣ ಇರಬೇಕು ಅಂತ ಹೇಳಿದ್ದು ಯಾರು?

2/8

ಕಟೇಲಾ, ಜಮುನಿಯಾ, ಅಮೆಥಿಸ್ಟ್: ಮೂರೂ ಒಂದೇ ಕಲ್ಲಿನ ಹೆಸರು.

ಅದು ಎಂತ ಕಲ್ಲು ಗೊತ್ತಾ? ಸ್ಫಟಿಕ. ಕ್ವಾರ್ಟ್ಜ್. ಗದ್ದೆ ಬದಿಯಲ್ಲಿ ಸಿಗುವ ಬಿಳಿ ಬೆಣಚುಕಲ್ಲು ಇದೆಯಲ್ಲ, ಅದೇ ವಸ್ತು. ಮುರ್ಡೇಶ್ವರದ ದಂಡೆಯಲ್ಲಿ ನಿಮ್ಮ ಕಾಲಿಗೆ ಅಂಟುವ ಮರಳಿನ ಹೆಚ್ಚಿನ ಕಾಳುಗಳೂ ಅದೇ. ಸಿಲಿಕಾನ್ ಒಂದು, ಆಕ್ಸಿಜನ್ ಎರಡು. ಪಿಯುಸಿ ಸೈನ್ಸಿನವರು ನಗಬೇಡಿ, ನಾನು ಕಾಮರ್ಸು.

ಹಾಗಾದ್ರೆ ನೇರಳೆ ಬಣ್ಣ ಎಲ್ಲಿಂದ ಬಂತು? ಕಬ್ಬಿಣದಿಂದ. ಹರಳು ಬೆಳೆಯುವಾಗ ಅಲ್ಲೊಂದು ಇಲ್ಲೊಂದು ಸಿಲಿಕಾನ್ ಕೂತುಕೊಳ್ಳಬೇಕಾದ ಜಾಗದಲ್ಲಿ ಕಬ್ಬಿಣದ ಅಣು ಬಂದು ಕೂತುಬಿಡುತ್ತದೆ. ಎಷ್ಟು? ಹತ್ತು ಲಕ್ಷ ಭಾಗದಲ್ಲಿ ಕೆಲವು ಹತ್ತರಿಂದ ಕೆಲವು ನೂರು ಭಾಗ, ಅಷ್ಟೇ. ಆದರೆ ಕಬ್ಬಿಣ ಬಂದ ಕೂಡಲೇ ಬಣ್ಣ ಬರುವುದಿಲ್ಲ. ಸುತ್ತಲಿನ ಬಂಡೆಯಲ್ಲಿರುವ ಪೊಟ್ಯಾಷಿಯಂನಂಥ ಧಾತುಗಳಿಂದ ಸಣ್ಣ ಪ್ರಮಾಣದ ವಿಕಿರಣ ಸದಾ ಹೊರಡುತ್ತಾ ಇರುತ್ತದೆ. ಲಕ್ಷಾಂತರ ವರ್ಷ ಅದು ಬಡಿದು ಬಡಿದು ಆ ಕಬ್ಬಿಣದಿಂದ ಒಂದು ಇಲೆಕ್ಟ್ರಾನ್ ಕಿತ್ತುಹಾಕುತ್ತದೆ. ಆಗ ಹರಳು ನೇರಳೆಯಾಗುತ್ತದೆ.

ಈಗ ನಿಮ್ಮ ಮನೆ ಗೋಡೆ ನೋಡಿ. ಚಿರೇಕಲ್ಲು. ಅದರ ಕೆಂಪು ಕೂಡ ಕಬ್ಬಿಣದ್ದೇ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಅನ್ನುವ ಈಸ್ಟ್ ಇಂಡಿಯಾ ಕಂಪನಿಯ ಡಾಕ್ಟರು ನಮ್ಮ ಭಟ್ಕಳದ ಮೇಲೆ ಹಾದುಹೋದ. ಈ ಪ್ರಯಾಣದ ಪುಸ್ತಕ 1807ರಲ್ಲಿ ಬಂತು, ಚಿರೇಕಲ್ಲಿಗೆ ಲ್ಯಾಟರೈಟ್ ಅಂತ ಹೆಸರು ಕೊಟ್ಟವನೂ ಅವನೇ. ಇಟ್ಟಿಗೆಗೆ ಲ್ಯಾಟಿನ್ನಿನಲ್ಲಿರುವ ಪದ ಅದು.

ಅಂದ್ರೆ ನಮ್ಮ ಗೋಡೆಯ ಕೆಂಪು, ಅಮ್ಮಮ್ಮನ ಉಂಗುರದ ನೇರಳೆ, ಎರಡಕ್ಕೂ ಕಾರಣ ಕಬ್ಬಿಣ. ಕೂತ ಜಾಗ ಬೇರೆ.

3/8

ಈಗ ಆ ಗೆರೆ. ಅರ್ಧ ನೇರಳೆ, ಅರ್ಧ ನೀರು. ಹಾಗೆ ಯಾಕೆ?

ಹರಳು ಒಂದೇ ದಿನದಲ್ಲಿ ಆಗುವುದಿಲ್ಲ. ಬಂಡೆಯೊಳಗಿನ ಪೊಳ್ಳಿನಲ್ಲಿ ಖನಿಜ ತುಂಬಿದ ನೀರು ನಿಂತು, ಪದರದ ಮೇಲೆ ಪದರ ಕೂತು ಬೆಳೆಯುತ್ತದೆ. ಒಂದು ಕಾಲದಲ್ಲಿ ಆ ನೀರಿನಲ್ಲಿ ಕಬ್ಬಿಣ ಜಾಸ್ತಿ, ಇನ್ನೊಂದು ಕಾಲದಲ್ಲಿ ಕಮ್ಮಿ. ಜಾಸ್ತಿ ಇದ್ದಾಗ ಬೆಳೆದ ಪದರ ಗಾಢ, ಕಮ್ಮಿ ಇದ್ದಾಗಿನ ಪದರ ತೆಳು. ಮರದ ಉಂಗುರಗಳಲ್ಲಿ ಮಳೆಗಾಲದ ಲೆಕ್ಕ ಇರುತ್ತದಲ್ಲ, ಹಾಗೆ.

ಇನ್ನೊಂದು ಕಾರಣ ಇದೆ. ಸ್ಫಟಿಕದ ಹರಳಿನ ತುದಿ ಪೆನ್ಸಿಲ್ ಕೆತ್ತಿದ ಹಾಗೆ ಚೂಪು, ಅಲ್ಲಿ ಆರು ಮುಖ. ಆ ಆರರಲ್ಲಿ ಒಂದು ಬಿಟ್ಟು ಒಂದರಂತೆ ಮೂರು ಮುಖಗಳು ಕಬ್ಬಿಣವನ್ನು ಹೆಚ್ಚು ಒಳಗೆ ಬಿಟ್ಟುಕೊಳ್ಳುತ್ತವೆ. ಹಾಗಾಗಿ ಒಂದೇ ಹರಳಿನಲ್ಲಿ ಒಂದು ಹೋಳು ಗಾಢ, ಪಕ್ಕದ ಹೋಳು ತಿಳಿ. ಬುಡದಲ್ಲಿ ಹೆಚ್ಚಾಗಿ ಬಣ್ಣವೇ ಇರುವುದಿಲ್ಲ, ತುದಿಗೆ ಹೋದಂತೆ ನೇರಳೆ ಗಟ್ಟಿಯಾಗುತ್ತದೆ.

ಬೊಲಿವಿಯಾ ದೇಶದ ಅನಾಹಿ ಗಣಿಯಲ್ಲಂತೂ ಒಂದೇ ಹರಳಿನಲ್ಲಿ ಅರ್ಧ ನೇರಳೆ, ಅರ್ಧ ಹಳದಿ ಸಿಗುತ್ತದೆ. ಅದಕ್ಕೆ ಅಮೆಟ್ರಿನ್ ಅಂತ ಹೆಸರಿಟ್ಟು ಮಾರುತ್ತಾರೆ. ಅಲ್ಲಿ ಎರಡು ಬಣ್ಣ ಇದ್ದದ್ದೇ ಆಕರ್ಷಣೆ. ನಮ್ಮ ಅಂಗಡಿಯಲ್ಲಿ ಎರಡು ಬಣ್ಣ ಇದ್ದದ್ದಕ್ಕೆ ಗಾಜು.

ಮತ್ತೆ ಅಂಗಡಿಯಲ್ಲಿರುವ ಕಲ್ಲುಗಳೆಲ್ಲ ಒಂದೇ ಬಣ್ಣ ಕಾಣುತ್ತವಲ್ಲ ಅಂತ ಕೇಳಬಹುದು. ಅದು ಕಲ್ಲು ಕೆತ್ತುವವರ ಜಾಣತನ. ಗಾಢ ಭಾಗ ಕೆಳಗಿನ ಮೊನೆಗೆ ಬರುವ ಹಾಗೆ ಕೆತ್ತಿದರೆ, ಮೇಲಿಂದ ನೋಡುವಾಗ ಬೆಳಕು ಅದರಲ್ಲಿ ಮರಳಿ ಇಡೀ ಕಲ್ಲು ನೇರಳೆ ಕಾಣುತ್ತದೆ. ಹಾಗೆ ಮಾಡಲಿಕ್ಕೆ ಹರಳು ತುಂಬಾ ವೇಸ್ಟ್ ಆಗುತ್ತದೆ. ಅಮ್ಮಮ್ಮನ ಕಲ್ಲು ಕೆತ್ತಿದವನು ಬಣ್ಣ ನೋಡಲಿಲ್ಲ, ತೂಕ ಉಳಿಸಿದ. ಅಡ್ಡಕ್ಕೆ ಕೊಯ್ದ. ಅದಕ್ಕೇ ಆ ಗೆರೆ ಎದುರಿಗೇ ಕಾಣುವುದು.

4/8

ಇಲ್ಲಿಂದ ಇತಿಹಾಸ. ಬೋರ್ ಆಗೋದಿಲ್ಲ, ಪ್ರಾಮಿಸ್.

ರೋಮಿನಲ್ಲಿ ಪ್ಲಿನಿ ಅಂತ ಒಬ್ಬ ಇದ್ದ. ಕಂಡದ್ದು, ಕೇಳಿದ್ದು, ಓದಿದ್ದು ಎಲ್ಲ ಸೇರಿಸಿ 37 ಸಂಪುಟಗಳ ಒಂದು ವಿಶ್ವಕೋಶ ಬರೆದ. ಕ್ರಿ.ಶ. 77ರ ಸುಮಾರಿಗೆ ಅದು ಮುಗಿಯಿತು, 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಅವನು ಸತ್ತ. ಕೊನೆಯ ಸಂಪುಟ ಪೂರ್ತಿ ರತ್ನಗಳ ಬಗ್ಗೆ.

ನೇರಳೆ ಕಲ್ಲುಗಳ ವಿಷಯಕ್ಕೆ ಬಂದಾಗ ಪ್ಲಿನಿ ಮೊದಲ ಸ್ಥಾನ ಕೊಟ್ಟದ್ದು ಯಾರಿಗೆ? ಭಾರತದ ಅಮೆಥಿಸ್ಟಿಗೆ. ಅರೇಬಿಯಾ, ಆರ್ಮೇನಿಯಾ, ಈಜಿಪ್ಟ್ ಎಲ್ಲ ಆಮೇಲೆ. ಥಾಸೋಸ್ ಮತ್ತು ಸೈಪ್ರಸ್ಸಿನವು ಎಲ್ಲಕ್ಕಿಂತ ಕಳಪೆ ಅಂತ ನೇರವಾಗಿ ಬರೆದಿದ್ದಾನೆ.

ಆಮೇಲೆ ಅವನು ಬಣ್ಣದ ಮೇಲೆ ಐದು ದರ್ಜೆ ಮಾಡುತ್ತಾನೆ. ನನ್ನ ಮಾತಿನಲ್ಲಿ ಹೇಳ್ತೇನೆ:

ಒಂದು, ಗಾಢ ನೇರಳೆ. ರಾಜರ ಬಟ್ಟೆಗೆ ಹಾಕುವ ನೇರಳೆ ಬಣ್ಣದವರು ನಾವೂ ಹೀಗೆ ತೆಗೆಯಬೇಕು ಅಂತ ಆಸೆಪಡುವಂಥದ್ದು.
ಎರಡು, ನೀಲಿಯ ಕಡೆ ವಾಲಿದ್ದು. ಭಾರತದವರು ಇದನ್ನು ಸಾಕೊಂಡಿಯನ್ ಅಂತಾರೆ ಅಂತ ಅವನ ಮಾತು.
ಮೂರು, ಅದಕ್ಕಿಂತ ತೆಳು. ಸಪೆನೋಸ್ ಅಂತ ಹೆಸರು.
ನಾಲ್ಕು, ದ್ರಾಕ್ಷಾರಸದ ಬಣ್ಣ.
ಐದು, ನೇರಳೆ ಕರಗಿ ಕರಗಿ ಬಿಳಿಯಾಗಿ, ಬರೀ ಸ್ಫಟಿಕದ ಹತ್ತಿರ ಬಂದುಬಿಟ್ಟದ್ದು. ಇದಕ್ಕೆ ಬೆಲೆ ಕಮ್ಮಿ.

ಐದನೆಯದನ್ನು ಇನ್ನೊಂದು ಸಲ ಓದಿ. ಆಮೇಲೆ ಮೊದಲ ಪೋಸ್ಟಿನ ಫೋಟೋ ನೋಡಿ.

ನಾನು ರಾತ್ರಿ ಹನ್ನೊಂದಕ್ಕೆ ಇದನ್ನು ಓದಿ ಎದ್ದು ಕೂತೆ. ಅಮ್ಮಮ್ಮನ ಕಲ್ಲಿಗೆ ರೋಮಿನಲ್ಲೂ ಬೆಲೆ ಕಮ್ಮಿಯೇ. ಆದರೆ ಪ್ಲಿನಿ ಅದನ್ನು ಪಟ್ಟಿಯಿಂದ ಹೊರಗೆ ಹಾಕಲಿಲ್ಲ. ಐದನೆಯದು ಅಂದ, ನಕಲಿ ಅನ್ನಲಿಲ್ಲ. ಅವನಿಗೆ ನಕಲಿ ಗೊತ್ತಿರಲಿಲ್ಲ ಅಂತಲ್ಲ. ಸ್ಫಟಿಕಕ್ಕೆ ಬಣ್ಣ ಹಾಕಿ ಬೇರೆ ರತ್ನದ ಹಾಗೆ ಮಾಡುವುದು ಭಾರತದವರಿಗೆ ಚೆನ್ನಾಗಿ ಗೊತ್ತು ಅಂತ ಅದೇ ಸಂಪುಟದಲ್ಲಿ ಬರೆದಿದ್ದಾನೆ!

ಇನ್ನೊಂದು ತಮಾಷೆ. ಅಮೆಥಿಸ್ಟ್ ಅನ್ನುವ ಗ್ರೀಕ್ ಪದದ ಅರ್ಥ ಅಮಲೇರದ್ದು. ಈ ಕಲ್ಲು ಇದ್ದರೆ ಕುಡಿದದ್ದು ತಲೆಗೇರುವುದಿಲ್ಲ ಅಂತ ಆಗಿನ ಮಂತ್ರವಾದಿಗಳು ಹೇಳುತ್ತಿದ್ದರು. ಅದೆಲ್ಲ ಸುಳ್ಳು ಅಂತ ಪ್ಲಿನಿ ಆಗಲೇ ಬೈದಿದ್ದಾನೆ.

5/8

ಭಾರತದ ಕಲ್ಲು ರೋಮಿಗೆ ಹೋದದ್ದು ಯಾವ ದಾರಿಯಲ್ಲಿ? ನಮ್ಮ ಸಮುದ್ರದ ದಾರಿಯಲ್ಲೂ ಹೌದು.

ಪ್ಲಿನಿಯ ಕಾಲದಲ್ಲೇ, ಗ್ರೀಕ್ ಭಾಷೆಯಲ್ಲಿ ಹೆಸರಿಲ್ಲದ ಒಬ್ಬ ವ್ಯಾಪಾರಿ ಒಂದು ಸಣ್ಣ ಗೈಡ್ ಬರೆದಿಟ್ಟ. ಪೆರಿಪ್ಲಸ್ ಅಂತಾರೆ. ಯಾವ ಬಂದರಿನಲ್ಲಿ ಎಂತ ಸಿಗುತ್ತದೆ, ಎಂತ ಮಾರಬಹುದು, ಎಲ್ಲಿ ಕಡಲ್ಗಳ್ಳರಿದ್ದಾರೆ, ಎಲ್ಲ ಇದೆ. ನಮ್ಮ ಇಂಪೋರ್ಟ್ ಎಕ್ಸ್‌ಪೋರ್ಟ್ ಚಾಪ್ಟರಿಗಿಂತ ಚೆನ್ನಾಗಿದೆ.

ಅದರಲ್ಲಿ ಪಶ್ಚಿಮ ಕರಾವಳಿಯಲ್ಲಿ ದಕ್ಷಿಣಕ್ಕೆ ಇಳಿಯುವಾಗ ನೌರಾ ಅನ್ನುವ ಬಂದರು ಬರುತ್ತದೆ. ಕೆಲವು ವಿದ್ವಾಂಸರು ಅದೇ ನಮ್ಮ ಹೊನ್ನಾವರ ಅಂದಿದ್ದಾರೆ. ಕಣ್ಣೂರು ಅಂದವರೂ ಇದ್ದಾರೆ. ಜಗಳ ಮುಗಿದಿಲ್ಲ, ಹಾಗಾಗಿ ಕಾಮೆಂಟಿನಲ್ಲಿ ಹೊನ್ನಾವರದವರು ಪಟಾಕಿ ಹೊಡೆಯಬೇಡಿ.

ಅಲ್ಲಿಂದ ಇನ್ನೂ ಕೆಳಗೆ, ಈಗಿನ ಕೇರಳದ ಮುಜಿರಿಸ್ ಕಡೆ ಬಂದರುಗಳಿಂದ ಹಡಗಿಗೆ ಏರುತ್ತಿದ್ದ ಮಾಲಿನ ಪಟ್ಟಿಯಲ್ಲಿ ಕಾಳುಮೆಣಸು, ಮುತ್ತು, ದಂತದ ಜೊತೆಗೆ ಬಗೆಬಗೆಯ ಪಾರದರ್ಶಕ ಕಲ್ಲುಗಳು ಇವೆ. ಆ ಕಲ್ಲುಗಳನ್ನು ಎಲ್ಲಿ ಕೆಲಸ ಮಾಡುತ್ತಿದ್ದರು ಅನ್ನುವುದಕ್ಕೆ ಒಂದು ಉತ್ತರ ತಮಿಳುನಾಡಿನ ಈರೋಡ್ ಹತ್ತಿರದ ಕೊಡುಮಣಲ್. ನೊಯ್ಯಲ್ ನದಿ ದಂಡೆಯ ಆ ಊರನ್ನು ಅಗೆದಾಗ ಅಮೆಥಿಸ್ಟ್, ಸ್ಫಟಿಕ, ಬೆರಿಲ್, ಕಾರ್ನೀಲಿಯನ್ ಕಲ್ಲುಗಳಿಂದ ಮಣಿ ಮಾಡುತ್ತಿದ್ದ ಕಾರ್ಖಾನೆಗಳ ಗುರುತು ಸಿಕ್ಕಿತು. ಅಲ್ಲಿಂದ ಪಾಲಕ್ಕಾಡ್ ಕಣಿವೆ ದಾಟಿದರೆ ಪಶ್ಚಿಮ ಸಮುದ್ರ.

ಈ ಕಡೆಯಿಂದ ಮಾಲು ಹೋದರೆ ಆ ಕಡೆಯಿಂದ ದುಡ್ಡು ಬರಬೇಕಲ್ಲ? ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಭಾರತಕ್ಕೆ ಹರಿದುಹೋಗುತ್ತಿದೆ ಅಂತ ಪ್ಲಿನಿ ಗೊಣಗಿದ್ದಾನೆ. ಟ್ರೇಡ್ ಡೆಫಿಸಿಟ್ ಬಗ್ಗೆ ಅಳು ಇವತ್ತಿನದಲ್ಲ ಮಾರಾಯ್ರೇ.

6/8

ಈಗ ಹದಿನಾಲ್ಕು ನೂರು ವರ್ಷ ಮುಂದೆ ಹಾರಿ, ಭಟ್ಕಳಕ್ಕೇ ಬರೋಣ.

ವಿಜಯನಗರದ ಕಾಲ. ನಮ್ಮ ಹೊಳೆಬಾಯಿಯ ಬಂದರಿಗೆ ಹೊರ್ಮುಜ್‌ನಿಂದ ಕುದುರೆ ಇಳಿಯುತ್ತಿತ್ತು. ಇಲ್ಲಿಂದ ಅಕ್ಕಿ, ಸಕ್ಕರೆ, ಕಬ್ಬಿಣ ಹತ್ತುತ್ತಿತ್ತು. ಹೌದು, ಕಬ್ಬಿಣ, ಮತ್ತೆ ಅದೇ! ಇದನ್ನು ಬರೆದಿಟ್ಟವರಲ್ಲಿ ಒಬ್ಬ ದುವಾರ್ಟೆ ಬಾರ್ಬೋಸಾ, ಪೋರ್ಚುಗೀಸ್ ಅಧಿಕಾರಿ. 1516ರ ಸುಮಾರಿಗೆ ಅವನ ಪುಸ್ತಕ ತಯಾರಾಯಿತು.

ಅವನು ರತ್ನಗಳ ಬಗ್ಗೆ ಬೇರೆಯೇ ಟಿಪ್ಪಣಿ ಮಾಡಿದ್ದಾನೆ: ಯಾವ ಕಲ್ಲು ಎಲ್ಲಿಂದ ಬರುತ್ತದೆ, ಎಷ್ಟು ತೂಕಕ್ಕೆ ಎಷ್ಟು ಬೆಲೆ. ನೀಲಗಳ ಮಾತು ಬಂದಾಗ, ಒಳ್ಳೆಯವು ಸಿಂಹಳದವು ಅಂತಾನೆ. ಆಮೇಲೆ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. ಬಾರ್ಕೂರು, ಮಂಗಳೂರಿನ ಮೇಲಿನ ಬೆಟ್ಟದಲ್ಲಿ ಇನ್ನೊಂದು ಜಾತಿಯ ನೀಲ ಸಿಗುತ್ತದೆ, ಮೆತ್ತಗಿನದು, ಬಣ್ಣ ಬಿಳಿಚಿದ್ದು, ಅದಕ್ಕೆ ಬೆಲೆ ತೀರಾ ಕಮ್ಮಿ.

ಅದು ಅಮೆಥಿಸ್ಟ್ ಅಂತ ನಾನು ಹೇಳುವುದಿಲ್ಲ. ಹೇಳುವುದು ಇಷ್ಟೇ. ನೀಲ ಅಂತ ಕರೆಯುವ ಕಲ್ಲಿನಲ್ಲೇ ಮೇಲಿನದು, ಕೆಳಗಿನದು ಇತ್ತು, ಮತ್ತು ಬಣ್ಣ ಬಿಳಿಚಿದ ಕಲ್ಲನ್ನೂ ಕೊಳ್ಳುವವರು ಇದ್ದರು. ನೀಲ ತಗೊಳ್ಳಲು ಆಗದವರು ಆಗಲೂ ಇದ್ದರು ಅಂತಾಯ್ತಲ್ಲ.

ನವರತ್ನಗಳ ಪಟ್ಟಿ ತೆಗೆದು ನೋಡಿ. ಅಮೆಥಿಸ್ಟ್ ಇಲ್ಲ. ಅದು ಉಪರತ್ನ, ನೀಲದ ಬದಲಿಗೆ ಹಾಕುವ ಕಲ್ಲು. ಅದಕ್ಕೆ ಶನಿ ಒಲಿಯುತ್ತಾನೋ ಇಲ್ಲವೋ ಅನ್ನುವ ಚರ್ಚೆಗೆ ನಾನಿಲ್ಲ. ಆದರೆ ಬದಲಿಗೆ ಅನ್ನುವ ಪದ ಗಮನಿಸಿ. ದುಡ್ಡಿಲ್ಲದವರ ಕೈಗೆ ಬರುವುದು ಯಾವಾಗಲೂ ಯಾವುದರದ್ದೋ ಬದಲಿಗೆ ಬಂದದ್ದು. ಅದಕ್ಕೇ ಅದರ ಮೇಲೆ ಅನುಮಾನವೂ ಬೇಗ. ನೀಲದ ಉಂಗುರ ಹಾಕಿ ಕಾರಿನಿಂದ ಇಳಿದವರಿಗೆ ಕೌಂಟರಿನಲ್ಲಿ ಯಾರೂ ಒಂದು ನಿಮಿಷದಲ್ಲಿ ಗಾಜು ಅನ್ನುವುದಿಲ್ಲ.

7/8

ಕಾಮರ್ಸಿನವರೇ, ಈ ಪೋಸ್ಟ್ ನಮ್ಮದು.

ಒಂದು ಕಾಲದಲ್ಲಿ ಯುರೋಪಿನಲ್ಲಿ ಅಮೆಥಿಸ್ಟನ್ನು ವಜ್ರ, ಮಾಣಿಕ್ಯ, ಪಚ್ಚೆ, ನೀಲದ ಸಾಲಿನಲ್ಲೇ ಕೂರಿಸುತ್ತಿದ್ದರು. ಬಿಷಪ್ಪರ ಉಂಗುರ, ರಾಜಮನೆತನದ ಹಾರ. 1820-30ರ ದಶಕಗಳಲ್ಲಿ ಜರ್ಮನಿಯ ಈಡರ್ ಊರಿನ ಕಡೆಯಿಂದ ಬ್ರೆಜಿಲಿಗೆ ವಲಸೆ ಹೋದವರಿಗೆ ಅಲ್ಲಿನ ದಕ್ಷಿಣ ಭಾಗದಲ್ಲಿ ಅಗೇಟ್ ಕಂಡಿತು. ಅದರ ಹಿಂದೆಯೇ ಅಮೆಥಿಸ್ಟ್. ಪಕ್ಕದ ಉರುಗ್ವೆಯಲ್ಲೂ ಸಿಕ್ಕಿತು. ಮನುಷ್ಯ ಒಳಗೆ ನಿಲ್ಲಬಹುದಾದಷ್ಟು ದೊಡ್ಡ ಪೊಳ್ಳುಬಂಡೆಗಳು, ಒಳಗೋಡೆಯೆಲ್ಲ ನೇರಳೆ ಹರಳು.

ಹಡಗು ಹಡಗು ಕಲ್ಲು ಬಂದ ಮೇಲೆ ಬೆಲೆ ದಬಕ್ಕನೆ ಬಿತ್ತು. ಕಲ್ಲು ಬದಲಾಗಲಿಲ್ಲ. ಅದೇ ಕಬ್ಬಿಣ, ಅದೇ ನೇರಳೆ. ಸಪ್ಲೈ ಬದಲಾಯಿತು.

ಇದನ್ನು ನಾನು ಅಮ್ಮಮ್ಮನಿಗೆ ಡಿಮ್ಯಾಂಡ್ ಕರ್ವ್ ಬಿಡಿಸಿ ಹೇಳಲಿಕ್ಕೆ ಹೊರಟೆ. ಅವಳು ಮಲ್ಲಿಗೆ ಕಟ್ಟುತ್ತಾ ಇದ್ದಳು, ತಲೆಯನ್ನೂ ಎತ್ತಲಿಲ್ಲ. "ಗೊತ್ತದೆ ಮಗಾ. ಎಲ್ಲರ ಮನೆ ಗಿಡದಲ್ಲೂ ಹೂ ಬಿಟ್ರೆ ರೇಟ್ ಬೀಳ್ತದೆ. ಹೂವೇನು ಸುಳ್ಳಾತದಾ?"

ಒಂದು ಸೆಮಿಸ್ಟರಿನ ಪಾಠ ಮುಗಿಯಿತು.

ಬಣ್ಣದ ಆಟ ಅಲ್ಲಿಗೂ ನಿಲ್ಲಲಿಲ್ಲ. ಅಮೆಥಿಸ್ಟನ್ನು 400-500 ಡಿಗ್ರಿ ಕಾಯಿಸಿದರೆ ನೇರಳೆ ಹೋಗಿ ಹಳದಿಯಾಗುತ್ತದೆ. ಮಾರ್ಕೆಟಿನಲ್ಲಿ ಸಿಟ್ರಿನ್ ಅಂತ ಸಿಗುವ ಹಳದಿ ಕಲ್ಲುಗಳಲ್ಲಿ ಹೆಚ್ಚಿನವು ಹೀಗೆ ಬೆಂದ ಅಮೆಥಿಸ್ಟುಗಳೇ. ಕೆಲವು ಗಣಿಗಳ ಕಲ್ಲು ಕಾಯಿಸಿದರೆ ಹಸಿರಾಗುತ್ತದೆ. 1970ರ ದಶಕದಿಂದ ಲ್ಯಾಬಿನಲ್ಲೇ ಬೆಳೆಸಿದ ಅಮೆಥಿಸ್ಟೂ ಬಂದಿದೆ. ಬಣ್ಣ ಗಾಢ, ಒಳಗೆ ಕಲೆಯಿಲ್ಲ, ಕಣ್ಣಿಗೆ ಪರ್ಫೆಕ್ಟ್. ಅಂದ್ರೆ ಇವತ್ತಿನ ದಿನ, ತೀರಾ ಒಂದೇ ಥರ ಇದ್ದು ತೀರಾ ಅಗ್ಗಕ್ಕೆ ಸಿಕ್ಕಿದರೆ ಅದನ್ನೇ ಸ್ವಲ್ಪ ಅನುಮಾನದಿಂದ ನೋಡಬೇಕು.

ಆದರೆ ಉಲ್ಟಾ ತಪ್ಪೂ ಮಾಡಬೇಡಿ. ಬಣ್ಣ ಹೆಚ್ಚುಕಮ್ಮಿ ಇದೆ ಅಂದ ಮಾತ್ರಕ್ಕೆ ಅಸಲಿ ಅಂತಲೂ ಅಲ್ಲ. ಲ್ಯಾಬಿನ ಕಲ್ಲಿನಲ್ಲೂ ಬಣ್ಣದ ಪಟ್ಟಿ ಇರಬಹುದು. ಕಣ್ಣು ಮಾತ್ರ ಸಾಲದು. ಭೂತಗನ್ನಡಿಯಲ್ಲಿ ಗುಂಡಗಿನ ಗಾಳಿಗುಳ್ಳೆ ಕಂಡರೆ ಗಾಜು ಇರಬಹುದು ಅಂತ ಅನುಮಾನಿಸಬಹುದು. ಅದಕ್ಕಿಂತ ಮುಂದಿನದು ಪರೀಕ್ಷೆ ಮಾಡುವವರ ಕೆಲಸ.

8/8

ಹಾಗಾಗಿ ಪರೀಕ್ಷೆ ಮಾಡಿಸಿದೆ.

ಬೆಂಗಳೂರಿನಲ್ಲಿರುವ ಚಿಕ್ಕಮ್ಮನ ಮಗ ಉಂಗುರ ತಗೊಂಡು ಹೋದ. ಅಮ್ಮಮ್ಮನಿಗೆ ಪಾಲಿಶ್ ಹಾಕಿಸಲಿಕ್ಕೆ ಅಂತ ಸುಳ್ಳು ಹೇಳಿದ್ದೆವು. ಅವನು ಹೋದ ಹತ್ತು ದಿನ ನನಗೆ ನಿದ್ದೆ ಸರಿ ಇರಲಿಲ್ಲ. ಗಾಜು ಅಂತಲೇ ಬಂದರೆ? ಬಿಸ್ಕೆಟ್ ಡಬ್ಬಿಯಲ್ಲಿ ಮರೆತು ಕೂತಿದ್ದ ವಿಷಯವನ್ನು ನಾನೇ ಕೆದಕಿದ ಹಾಗಾಯ್ತಲ್ಲ?

ರಿಪೋರ್ಟ್ ವಾಟ್ಸಾಪಿನಲ್ಲಿ ಬಂತು. ಕೊನೆಯ ಸ್ಲೈಡಿನಲ್ಲಿ ಹಾಕಿದ್ದೇನೆ, ನಂಬರ್ ಮುಚ್ಚಿದ್ದೇನೆ. ನ್ಯಾಚುರಲ್ ಕ್ವಾರ್ಟ್ಜ್. ವೆರೈಟಿ: ಅಮೆಥಿಸ್ಟ್. ಬಣ್ಣದ ಪಟ್ಟಿಗಳು ಕಾಣುತ್ತವೆ ಅಂತ ಒಂದು ಸಾಲು.

ಮತ್ತೆ ಬೆಲೆ? ಪೂರ್ತಿ ಸತ್ಯ ಹೇಳಿಬಿಡ್ತೇನೆ. ಪರೀಕ್ಷೆಗೆ ಕೊಟ್ಟ ಫೀಸಿಗಿಂತ ಕಲ್ಲಿನ ಬೆಲೆ ಕಮ್ಮಿ. ಆ ಉಂಗುರದಿಂದ ನನ್ನ ಫೀಸು ಯಾವತ್ತೂ ಕಟ್ಟಲಿಕ್ಕೆ ಆಗುತ್ತಿರಲಿಲ್ಲ. ಅಂಗಡಿಯವರು ಕಮ್ಮಿ ಬೆಲೆ ಅಂದಿದ್ದರೆ ಸರಿಯೇ ಇತ್ತು. ಗಾಜು ಅಂದದ್ದು ತಪ್ಪು. ಕಮ್ಮಿ ಬೆಲೆಯದ್ದು ಬೇರೆ, ಸುಳ್ಳು ಬೇರೆ. ಎರಡು ಸಾವಿರ ವರ್ಷದ ಹಿಂದೆ ಪ್ಲಿನಿಗೆ ಗೊತ್ತಿದ್ದ ಈ ವ್ಯತ್ಯಾಸ ಒಂದು ಕೌಂಟರಿನಲ್ಲಿ ಅಳಿಸಿಹೋಯಿತು. ಅಷ್ಟಕ್ಕೇ ಒಬ್ಬ ಹೆಂಗಸಿಗೆ ತನ್ನ ಮೂವತ್ತೈದು ವರ್ಷವೇ ಮೋಸ ಅನ್ನಿಸಿಬಿಟ್ಟಿತು.

ಅಮ್ಮಮ್ಮನಿಗೆ ರಿಪೋರ್ಟ್ ಓದಿ ಹೇಳಿದೆ. ಎರಡು ಸಲ ಓದಿಸಿದಳು.

"ಹಂಗಾರೆ ಗಾಜಲ್ಲ?"

"ಅಲ್ಲ."

"ಎಷ್ಟ್ ಬರ್ತದಂತೆ ಮಾರಿದ್ರೆ?"

ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ನಕ್ಕಳು. "ಅಷ್ಟೇಯಾ? ಹಂಗಾರೆ ಮಾರೂದ್ ಬೇಡ ಬಿಡು." ಕೈ ಒದ್ದೆ ಇತ್ತು, ಸೆರಗಿಗೆ ಒರೆಸಿಕೊಂಡು ಉಂಗುರ ಹಾಕಿಕೊಂಡಳು. ಮತ್ತೆ ಬಾಳೆನಾರು ಎತ್ತಿಕೊಂಡಳು.

ಕೊನೆಗೆ ಎರಡು ಮಾತು. ಒಂದು, ಅಮೆಥಿಸ್ಟ್ ಇದ್ದವರು ಅದನ್ನು ಬಿಸಿಲು ಬೀಳುವ ಕಿಟಕಿಯಲ್ಲಿ ವರ್ಷಗಟ್ಟಲೆ ಇಡಬೇಡಿ, ಬಣ್ಣ ನಿಧಾನಕ್ಕೆ ಬಿಳಿಚುತ್ತದೆ. ಎರಡು, ನಿಮ್ಮ ಮನೆಯ ಬಿಸ್ಕೆಟ್ ಡಬ್ಬಿಯಲ್ಲೂ ಯಾರೋ ಒಂದು ನಿಮಿಷ ನೋಡಿ ಸುಳ್ಳು ಅಂದದ್ದು ಏನಾದರೂ ಬಿದ್ದಿರಬಹುದು. ಇವತ್ತು ತೆಗೆದು ನೋಡಿ, ಎಲ್ಲಿಂದ ಬಂತು ಅಂತ ಕೇಳಿ. ಬಂದ ಉತ್ತರವನ್ನು ಕಾಮೆಂಟಿನಲ್ಲಿ ಬರೆಯಿರಿ. ಕುಮಟಾ, ಹೊನ್ನಾವರದವರು ಸೇರಿ ಎಲ್ಲರದ್ದನ್ನೂ ಓದ್ತೇನೆ.

#ಭಟ್ಕಳ #ಹೊನ್ನಾವರ #ಕುಮಟಾ #ಕರಾವಳಿಯಇತಿಹಾಸ #ಅಮೆಥಿಸ್ಟ್ #ಭಟ್ಕಳಮಲ್ಲಿಗೆ #ಅಮ್ಮಮ್ಮ